ನೆಲದಾಳದ ಕುಲುಮೆ

ಕುಲುಮೆಯಲ್ಲಿ ಕುಡಗೋಲು ಕಾಯುತ್ತಿರುವಾಗ ಒಂದು ಸಣ್ಣ ಪರೀಕ್ಷೆ ಮಾಡಬಹುದು. ತಣ್ಣಗಿದ್ದಾಗ ಅಯಸ್ಕಾಂತಕ್ಕೆ ಟಕ್ಕನೆ ಅಂಟಿಕೊಳ್ಳುತ್ತಿದ್ದ ಅಲಗು, ತಿದಿ ಊದಿ ಊದಿ ಕೆಂಡದ ಬಣ್ಣಕ್ಕೆ ಬಂದ ಮೇಲೆ ಏನು ಮಾಡುತ್ತದೆ? ಇಕ್ಕಳದಲ್ಲಿ ಎತ್ತಿ ಅಯಸ್ಕಾಂತದ ಹತ್ತಿರ ಹಿಡಿದರೆ ಗುರುತೇ ಇಲ್ಲದವರಂತೆ ಸುಮ್ಮನಿರುತ್ತದೆ. ಬದಿಗಿಟ್ಟು ಕೆಂಪು ಆರುವವರೆಗೆ ಕಾಯಿರಿ, ಮತ್ತೆ ಅಂಟುತ್ತದೆ. ಅಯಸ್ಕಾಂತವನ್ನು ದಾರಕ್ಕೆ ಕಟ್ಟಿ ಸ್ವಲ್ಪ ದೂರದಲ್ಲೇ ಇಳಿಬಿಟ್ಟಿರಬೇಕು, ಅಷ್ಟೆ. ಅದೂ ಕಾದರೆ ಅದರ ಶಕ್ತಿಯೂ ಹೋಯಿತು.

ಕಬ್ಬಿಣಕ್ಕೆ ಈ ಗಡಿ 770 ಡಿಗ್ರಿ ಸೆಲ್ಸಿಯಸ್. ಪ್ರತಿ ಕಾಂತವಸ್ತುವಿಗೂ ಇಂಥದೊಂದು ಉಷ್ಣತೆ ಇದೆಯೆಂದು 1895ರಲ್ಲಿ ವಿವರವಾಗಿ ತೋರಿಸಿಕೊಟ್ಟವನು ಪಿಯರ್ ಕ್ಯೂರಿ. ಮುಂದೆ ರೇಡಿಯಂ ವಿಷಯದಲ್ಲಿ ಹೆಂಡತಿ ಮೇರಿಯ ಜೊತೆ ಹೆಸರು ಮಾಡಿದನಲ್ಲ, ಅವನೇ. ಆ ಗಡಿಗೆ ಇವತ್ತಿಗೂ ಕ್ಯೂರಿ ಬಿಂದು ಎಂದೇ ಹೆಸರು.

ಕಾವು ಕಾಂತವನ್ನು ಕೊಲ್ಲುವುದು ಏಕೆ ಎಂದು ತಿಳಿಯಬೇಕಾದರೆ ಕಾಂತ ಎಲ್ಲಿಂದ ಬರುತ್ತದೆ ಎಂದು ನೋಡಬೇಕು. ಎಲೆಕ್ಟ್ರಾನಿಗೆ ವಿದ್ಯುದಂಶ ಇರುವ ಹಾಗೆಯೇ ಸ್ಪಿನ್ ಎಂಬ ಹುಟ್ಟುಗುಣವೂ ಇದೆ. ಅದರಿಂದಾಗಿ ಒಂದೊಂದು ಎಲೆಕ್ಟ್ರಾನೂ ಒಂದು ಅತಿ ಸಣ್ಣ ಅಯಸ್ಕಾಂತ. ಬಹುತೇಕ ವಸ್ತುಗಳಲ್ಲಿ ಇವು ಜೋಡಿ ಜೋಡಿಯಾಗಿ ಎದುರುಬದುರು ನಿಂತು ಒಂದರ ಕಾಂತವನ್ನು ಇನ್ನೊಂದು ಅಳಿಸಿಬಿಡುತ್ತವೆ. ತಾಮ್ರ, ಚಿನ್ನಗಳು ಅಯಸ್ಕಾಂತಕ್ಕೆ ಸೊಪ್ಪು ಹಾಕದಿರುವುದು ಇದಕ್ಕೇ. ಕಬ್ಬಿಣ, ನಿಕಲ್, ಕೋಬಾಲ್ಟ್‌ಗಳಲ್ಲಿ ಹಾಗಲ್ಲ, ಕೆಲವು ಎಲೆಕ್ಟ್ರಾನುಗಳು ಜೋಡಿಯಿಲ್ಲದೆ ಉಳಿಯುತ್ತವೆ. ಅಷ್ಟೇ ಅಲ್ಲ, ಅಕ್ಕಪಕ್ಕದ ಪರಮಾಣುಗಳು ಒಂದೇ ದಿಕ್ಕಿಗೆ ಮುಖ ಮಾಡಲು ಒಂದನ್ನೊಂದು ಒತ್ತಾಯಿಸುತ್ತವೆ. ಹೀಗೆ ಒಮ್ಮುಖವಾದ ಕೋಟ್ಯಂತರ ಪರಮಾಣುಗಳ ಒಂದೊಂದು ತುಣುಕನ್ನು ಡೊಮೇನ್ ಎನ್ನುತ್ತಾರೆ. ಸಾಮಾನ್ಯ ಮೊಳೆಯಲ್ಲಿ ಡೊಮೇನುಗಳು ದಿಕ್ಕಿಗೊಂದರಂತೆ ಇರುತ್ತವೆ, ಅಯಸ್ಕಾಂತದಲ್ಲಿ ಹೆಚ್ಚಿನವು ಒಂದೇ ಕಡೆ ತಿರುಗಿರುತ್ತವೆ. ಕಾವು ಏರಿದಂತೆ ಪರಮಾಣುಗಳ ನಡುಕ ಜಾಸ್ತಿಯಾಗಿ, ಕ್ಯೂರಿ ಬಿಂದು ದಾಟಿದ ಕೂಡಲೇ ಈ ಒಗ್ಗಟ್ಟು ಮುರಿದುಬೀಳುತ್ತದೆ.

ಇಷ್ಟು ಗೊತ್ತಿದ್ದರೆ ಭೂಮಿಯ ವಿಷಯದಲ್ಲಿ ಒಂದು ತಕರಾರು ಎದ್ದೇ ಏಳುತ್ತದೆ.

ಭೂಮಿಯೇ ಒಂದು ದೊಡ್ಡ ಅಯಸ್ಕಾಂತ ಎಂದು 1600ರಲ್ಲಿ ಪುಸ್ತಕ ಬರೆದು ಸಾರಿದವನು ಇಂಗ್ಲೆಂಡಿನ ವೈದ್ಯ ವಿಲಿಯಂ ಗಿಲ್ಬರ್ಟ್. ಬಾಯಿಮಾತನ್ನು ನಂಬುವ ಮನುಷ್ಯನಲ್ಲ. ಬೆಳ್ಳುಳ್ಳಿ ಉಜ್ಜಿದರೆ ಸೂಜಿಗಲ್ಲಿನ ಶಕ್ತಿ ಹೋಗುತ್ತದೆ ಎಂದು ನಾವಿಕರು ಹೇಳುತ್ತಿದ್ದರು. ಗಿಲ್ಬರ್ಟ್ ಪರೀಕ್ಷಿಸಿ ನೋಡಿ, ಸುಳ್ಳು ಎಂದು ಬರೆದ. ಸೂಜಿಗಲ್ಲನ್ನು ಗುಂಡಗೆ ಕಡೆಸಿ, ಅದರ ಮೈಮೇಲೆ ಪುಟ್ಟ ಸೂಜಿಯನ್ನು ಊರೂರು ಸುತ್ತಿಸಿದಂತೆ ಸುತ್ತಿಸಿದ. ನಡುವಿನಲ್ಲಿ ಮಲಗಿಕೊಂಡಿದ್ದ ಸೂಜಿ ಧ್ರುವದ ಕಡೆ ಹೋದಂತೆ ಬಾಗುತ್ತ ಬಾಗುತ್ತ, ಕೊನೆಗೆ ತಲೆ ಕೆಳಗಾಗಿ ನೆಟ್ಟಗೆ ನಿಂತಿತು. ಹಡಗಿನವರ ಸೂಜಿಯೂ ಭೂಮಿಯ ಮೇಲೆ ಹೀಗೆಯೇ ಬಾಗುವುದನ್ನು ಅವನು ಬಲ್ಲವನಾಗಿದ್ದ. ಅಲ್ಲಿಗೆ ಹೋಲಿಕೆ ಕುದುರಿತು.

ಆದರೆ ನೆಲ ಅಗೆದಷ್ಟೂ ಬಿಸಿ. ಗಣಿಯವರಿಗೆ ಇದು ಯಾವಾಗಿನಿಂದಲೂ ಗೊತ್ತು. ಸರಾಸರಿ ಹಿಡಿದರೆ ಕಿಲೋಮೀಟರಿಗೆ 25ರಿಂದ 30 ಡಿಗ್ರಿ ಏರುತ್ತದೆ. ಕೆಲವು ಹತ್ತು ಕಿಲೋಮೀಟರ್ ಇಳಿಯುವಷ್ಟರಲ್ಲಿ ಕಬ್ಬಿಣದ ಕ್ಯೂರಿ ಬಿಂದು ದಾಟಿಹೋಗಿರುತ್ತದೆ. ತಿರುಳಿನ ಹತ್ತಿರ ಉಷ್ಣತೆ ನಾಲ್ಕು ಸಾವಿರ ಡಿಗ್ರಿಯ ಆಸುಪಾಸು, ನಟ್ಟನಡುವೆ ಐದು ಸಾವಿರಕ್ಕೂ ಮೇಲೆ. ಕೆಂಪಗೆ ಕಾದ ಕುಡಗೋಲೇ ಕಾಂತ ಕಳೆದುಕೊಳ್ಳುವುದಾದರೆ ಈ ಒಡಲಲ್ಲಿ ಅಯಸ್ಕಾಂತ ಎಲ್ಲಿಂದ ಬರಬೇಕು? ಇನ್ನೊಂದು ಪೇಚೂ ಇತ್ತು. ಲಂಡನ್ನಿನಲ್ಲಿ ಸೂಜಿ ತೋರಿಸುವ ದಿಕ್ಕು ಕೆಲವೇ ದಶಕಗಳಲ್ಲಿ ಸರಿದಿದೆ ಎಂದು ಹೆನ್ರಿ ಗೆಲಿಬ್ರಾಂಡ್ 1635ರಲ್ಲಿ ಪ್ರಕಟಿಸಿದ್ದ. ಗಟ್ಟಿ ಅಯಸ್ಕಾಂತ ಹಾಗೆಲ್ಲ ಮನಸ್ಸು ಬದಲಿಸುವುದಿಲ್ಲ. ಧೂಮಕೇತು ಖ್ಯಾತಿಯ ಎಡ್ಮಂಡ್ ಹ್ಯಾಲಿ ಇದಕ್ಕೊಂದು ಪರಿಹಾರ ಹುಡುಕಿ, ಭೂಮಿಯೊಳಗೆ ಒಂದರೊಳಗೊಂದು ಟೊಳ್ಳು ಗೋಳಗಳು ಬೇರೆ ಬೇರೆ ವೇಗದಲ್ಲಿ ಸುತ್ತುತ್ತಿವೆ ಎಂದ. ಕೇಳಲು ವಿಚಿತ್ರ. ಆದರೆ ಒಳಗೇನೋ ಚಲಿಸುತ್ತಿದೆ ಎಂಬ ಅವನ ಗುಮಾನಿ ಮಾತ್ರ ಸರಿಯಾಗಿಯೇ ಇತ್ತು.

ಉತ್ತರದ ಮೊದಲ ತುಂಡು ಸಿಕ್ಕಿದ್ದು 1820ರಲ್ಲಿ. ತಂತಿಯಲ್ಲಿ ವಿದ್ಯುತ್ ಹರಿದರೆ ಪಕ್ಕದ ದಿಕ್ಸೂಚಿಯ ಸೂಜಿ ಹೊರಳುತ್ತದೆ ಎಂದು ಡೆನ್ಮಾರ್ಕಿನ ಓರ್ಸ್ಟೆಡ್ ಕಂಡ. ಅಂದರೆ ಕಾಂತಕ್ಕೆ ಸೂಜಿಗಲ್ಲೇ ಬೇಕೆಂದಿಲ್ಲ, ಹರಿಯುವ ವಿದ್ಯುತ್ ಸಾಕು. 1831ರಲ್ಲಿ ಫ್ಯಾರಡೆ ಇದರ ಮಗ್ಗುಲು ತಿರುಗಿಸಿದ: ಕಾಂತಕ್ಷೇತ್ರದಲ್ಲಿ ಲೋಹವನ್ನು ಆಡಿಸಿದರೆ ವಿದ್ಯುತ್ ಹುಟ್ಟುತ್ತದೆ. ಸೈಕಲ್ಲಿನ ಡೈನಮೊದಿಂದ ಶರಾವತಿಯ ಜನರೇಟರುಗಳವರೆಗೆ ಎಲ್ಲಕ್ಕೂ ಇದೇ ಮೂಲ.

ಎರಡನೆಯ ತುಂಡು ಬಂದದ್ದು ಭೂಕಂಪಗಳಿಂದ, ಅದರಲ್ಲಿ ನಮ್ಮ ದೇಶದ ಪಾಲೂ ಇದೆ. 1897ರ ಅಸ್ಸಾಂ ಮಹಾಕಂಪವನ್ನು ಅಧ್ಯಯನ ಮಾಡಿದವನು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ರಿಚರ್ಡ್ ಡಿಕ್ಸನ್ ಓಲ್ಡ್‌ಹ್ಯಾಮ್. ಕಂಪನದ ಅಲೆಗಳಲ್ಲಿ ಬಗೆಗಳಿವೆ, ಅವು ಬೇರೆ ಬೇರೆ ಹೊತ್ತಿಗೆ ತಲುಪುತ್ತವೆ ಎಂಬುದನ್ನು ಆ ದಾಖಲೆಗಳಲ್ಲಿ ಗುರುತಿಸಿದ ಆತ, 1906ರಲ್ಲಿ ಅದೇ ಜಾಡು ಹಿಡಿದು ಭೂಮಿಗೊಂದು ಬೇರೆಯೇ ತಿರುಳಿದೆ ಎಂದು ತೋರಿಸಿದ. ಆ ತಿರುಳಿನ ಹೊರಭಾಗ ದ್ರವ ಎಂಬುದು ಆಮೇಲೆ ಖಚಿತವಾಯಿತು. ಅದರ ನಡುವೆ ಮತ್ತೊಂದು ಗಟ್ಟಿ ಗುಂಡು ಇದೆಯೆಂದು ಡೆನ್ಮಾರ್ಕಿನ ಇಂಗೆ ಲೇಮನ್ 1936ರಲ್ಲಿ ಪತ್ತೆ ಮಾಡಿದಳು.

ನಮ್ಮ ಕಾಲ ಕೆಳಗೆ ಸುಮಾರು 2,900 ಕಿಲೋಮೀಟರ್ ಆಳದಲ್ಲಿ ಶುರುವಾಗುವ ಈ ಕರಗಿದ ಕಬ್ಬಿಣದ ಕಡಲು ಎರಡು ಸಾವಿರ ಕಿಲೋಮೀಟರಿಗೂ ದಪ್ಪ. ಅದು ಒಂದೇ ಸಮನೆ ಮಗುಚುತ್ತಿರುತ್ತದೆ. ಮೇಲಿನ ಕಲ್ಲಿನ ಪದರಕ್ಕೆ ಕಾವು ಬಿಟ್ಟುಕೊಟ್ಟ ಕಬ್ಬಿಣ ಕೆಳಗಿಳಿಯುತ್ತದೆ, ಕೆಳಗಿನದು ಮೇಲೇರುತ್ತದೆ. ತಳದಲ್ಲಿ ಕಬ್ಬಿಣ ಹೆಪ್ಪುಗಟ್ಟಿ ಒಳಗುಂಡಿಗೆ ಸೇರುತ್ತ ಹೋದಂತೆ, ಅದರಲ್ಲಿ ಬೆರೆತಿದ್ದ ಹಗುರ ಧಾತುಗಳು ಬಿಡುಗಡೆಯಾಗಿ ಮೇಲಕ್ಕೇಳುತ್ತವೆ. ಹರಿವಿನ ವೇಗ ಹೇಳಿದರೆ ನಗು ಬಂದೀತು: ಸೆಕೆಂಡಿಗೆ ಅರ್ಧ ಮಿಲಿಮೀಟರ್ ಲೆಕ್ಕ, ವರ್ಷಕ್ಕೆ ಹತ್ತಿಪ್ಪತ್ತು ಕಿಲೋಮೀಟರ್. ಆದರೆ ಹರಿಯುತ್ತಿರುವ ಲೋಹದ ರಾಶಿ ಕಲ್ಪನೆಗೆ ಮೀರಿದ್ದು. ಭೂಮಿಯ ಸುತ್ತುವಿಕೆ ಆ ಹರಿವನ್ನು ಅಕ್ಷದ ಗುಂಟ ಸುರುಳಿ ಸುರುಳಿಯಾಗಿ ತಿರುಚುತ್ತದೆ. ಈಗಾಗಲೇ ಇರುವ ಕಾಂತಕ್ಷೇತ್ರದಲ್ಲಿ ಲೋಹ ಚಲಿಸಿ ವಿದ್ಯುತ್ ಹುಟ್ಟುತ್ತದೆ, ಆ ವಿದ್ಯುತ್ತಿನಿಂದ ಮತ್ತೆ ಕಾಂತಕ್ಷೇತ್ರ. ಮೊಸರಿಗೆ ಹೆಪ್ಪು ಬೇಕು, ಹೆಪ್ಪಿಗೆ ಮೊಸರು ಬೇಕು ಎಂಬಂಥ ವ್ಯವಹಾರ. ಮೊದಲು ಯಾವುದೋ ಹೊರಗಿನ ಎಳೆ ಕ್ಷೇತ್ರ, ಬಹುಶಃ ಸೂರ್ಯನದ್ದೇ, ಒಂದು ಚಮಚೆಯಷ್ಟು ಸಿಕ್ಕಿದ್ದರೆ ಸಾಕಾಗಿತ್ತು.

ಕಾವು ಇದ್ದರೆ ಅಯಸ್ಕಾಂತ ಬದುಕದು. ಕಾವು ಹರಿಯದಿದ್ದರೆ ಭೂಮಿಯೊಳಗಿನ ಈ ಡೈನಮೊ ಬದುಕದು. ಹಾಗಾಗಿ ಭೂಮಿಯ ಕಾಂತಕ್ಷೇತ್ರ ಎಂಬುದು ಗ್ರಹದ ಬಳಿ ಇರುವ ಆಸ್ತಿಯಲ್ಲ, ಅದು ಮಾಡುತ್ತಿರುವ ಕೆಲಸ. ಹರಿವು ನಿಂತರೆ ಕ್ಷೇತ್ರ ಕೆಲವು ಹತ್ತು ಸಾವಿರ ವರ್ಷಗಳಲ್ಲಿ ಕರಗಿಹೋಗುತ್ತದೆ. ಭೂಮಿಯ ವಯಸ್ಸಿಗೆ ಅದು ಕಣ್ಣು ಮಿಟುಕಿಸುವ ಹೊತ್ತು. ಗ್ರಹಗಳ ಕಾಂತದ ಬಗ್ಗೆ ಏನೇ ಓದುವಾಗಲೂ ನಾನು ಮೊದಲು ಕೇಳಿಕೊಳ್ಳುವುದು ಇದನ್ನೇ: ಇಲ್ಲಿ ಕಾವು ಯಾವ ದಾರಿಯಲ್ಲಿ ಹೊರಬೀಳುತ್ತಿದೆ?

ಇದನ್ನು ಲೆಕ್ಕದಲ್ಲಿ ಹಿಡಿಯುವುದು ಸುಲಭವಾಗಿರಲಿಲ್ಲ. ಸೂರ್ಯನ ಕಾಂತಕ್ಕೆ ಇಂಥ ಡೈನಮೊ ಕಾರಣವಿರಬಹುದೆಂದು ಜೋಸೆಫ್ ಲಾರ್ಮರ್ 1919ರಲ್ಲಿ ಸೂಚಿಸಿದ. 1934ರಲ್ಲಿ ಥಾಮಸ್ ಕೌಲಿಂಗ್ ಅಡ್ಡಗಾಲು ಹಾಕಿದ: ಅಕ್ಷದ ಸುತ್ತ ಪೂರ್ತಿ ಸಮರೂಪವಾಗಿರುವ ಕಾಂತಕ್ಷೇತ್ರವನ್ನು ಯಾವ ಡೈನಮೊವೂ ಕಾಪಾಡಿಕೊಳ್ಳಲಾರದು ಎಂದು ಗಣಿತದಿಂದ ಸಾಧಿಸಿದ. ಸ್ವಲ್ಪ ಸೊಟ್ಟಗಿದ್ದರೇ ಕೆಲಸ ನಡೆಯುವುದು. ಭೂಮಿಯ ಕಾಂತಾಕ್ಷ ತಿರುಗುವ ಅಕ್ಷಕ್ಕೆ ಹತ್ತು ಡಿಗ್ರಿಯಷ್ಟು ವಾಲಿರುವುದರಿಂದ ನಮಗೆ ಭಯವಿಲ್ಲ. ಗ್ಯಾರಿ ಗ್ಲಾಟ್ಸ್‌ಮೇಯರ್ ಮತ್ತು ಪಾಲ್ ರಾಬರ್ಟ್ಸ್ 1995ರಲ್ಲಿ ಸೂಪರ್‌ಕಂಪ್ಯೂಟರಿನೊಳಗೆ ಇಂಥದೊಂದು ತಿರುಳನ್ನು ಓಡಿಸಿದಾಗ ಅದು ತಾನಾಗಿಯೇ ಕ್ಷೇತ್ರವನ್ನು ಉಳಿಸಿಕೊಂಡದ್ದಷ್ಟೇ ಅಲ್ಲ, ಒಮ್ಮೆ ಉತ್ತರ ದಕ್ಷಿಣಗಳನ್ನು ಅದಲುಬದಲು ಮಾಡಿ ತೋರಿಸಿತು.

ಅಂಥ ಅದಲುಬದಲಿನ ಸಾಕ್ಷಿ ನಮ್ಮ ಉತ್ತರ ಕರ್ನಾಟಕದ ನೆಲದಲ್ಲೇ ಬಿದ್ದಿದೆ. ಬೆಳಗಾವಿ, ವಿಜಯಪುರ, ಕಲಬುರಗಿ, ಬೀದರ್ ಕಡೆಯ ಕರಿಕಲ್ಲು ಸುಮಾರು 6.6 ಕೋಟಿ ವರ್ಷಗಳ ಹಿಂದೆ ನೆಲದ ಬಿರುಕುಗಳಿಂದ ಉಕ್ಕಿ ಹರಡಿದ ಲಾವಾ. ಅದು ಸವೆದು ಆದದ್ದೇ ಜೋಳ ಬೆಳೆಯುವ ಎರೆಭೂಮಿ. ಈ ಬಸಾಲ್ಟ್ ಕಲ್ಲಿನೊಳಗೆ ಮ್ಯಾಗ್ನಟೈಟ್ ಜಾತಿಯ ಖನಿಜದ ಕಣಗಳಿವೆ. ಕುದುರೆಮುಖದಿಂದ 2005ರ ಕೊನೆಯವರೆಗೆ ತೆಗೆದದ್ದೂ ಮ್ಯಾಗ್ನಟೈಟ್ ಅದಿರನ್ನೇ. ಸಂಡೂರಿನ ಕೆಂಪು ಅದಿರು ಹೆಮಟೈಟ್, ಅದು ಅಯಸ್ಕಾಂತಕ್ಕೆ ಅಷ್ಟಾಗಿ ಒಲಿಯುವುದಿಲ್ಲ. ಲಾವಾ ಆರುತ್ತ ಬಂದು ಈ ಕಣಗಳು ತಮ್ಮ ಕ್ಯೂರಿ ಬಿಂದುವಿನಿಂದ ಕೆಳಗಿಳಿದಾಗ, ಆ ಗಳಿಗೆಯಲ್ಲಿ ಭೂಮಿಯ ಕಾಂತ ಯಾವ ಕಡೆ ಇತ್ತೋ ಆ ಕಡೆಗೇ ತಿರುಗಿ ಕಲ್ಲಿನಲ್ಲಿ ಸೆರೆಯಾದವು.

ಕ್ಲೆಗ್, ಡಾಯ್ಚ್, ಗ್ರಿಫಿತ್ಸ್ ಎಂಬ ಮೂವರು ದಖನ್ನಿನ ಕಲ್ಲುಗಳ ಈ ಕಾಂತವನ್ನು ಅಳೆದು 1956ರಲ್ಲಿ ಪ್ರಕಟಿಸಿದರು. ಇವತ್ತು ನಮ್ಮಲ್ಲಿ ದಿಕ್ಸೂಚಿ ಸೂಜಿ ನೆಲದ ಕಡೆ ಅಷ್ಟಿಷ್ಟು ಮಾತ್ರ ಬಾಗುತ್ತದೆ. ಕಲ್ಲಿನೊಳಗಿನ ಸೂಜಿಗಳ ಬಾಗು ಅದಕ್ಕಿಂತ ಬಹಳ ಕಡಿದು. ಗಿಲ್ಬರ್ಟನ ಗುಂಡುಕಲ್ಲಿನ ಪಾಠವನ್ನು ಇಲ್ಲಿಗೆ ಹಚ್ಚಿ: ಬಾಗು ಹೆಚ್ಚಿದ್ದರೆ ಜಾಗ ಧ್ರುವಕ್ಕೆ ಹತ್ತಿರ. ಲೆಕ್ಕ ಹಾಕಿದರೆ ಆ ಲಾವಾ ಉಕ್ಕಿದಾಗ ಈ ನೆಲ ಭೂಮಧ್ಯರೇಖೆಯಿಂದ ದಕ್ಷಿಣಕ್ಕೆ ಸುಮಾರು 30 ಡಿಗ್ರಿಯಲ್ಲಿತ್ತು. ಭಾರತ ಸುಮಾರು 5,000 ಕಿಲೋಮೀಟರ್ ತೇಲಿಬಂದಿದೆ ಎಂಬ ಮಾತಿಗೆ, ಖಂಡಗಳು ಚಲಿಸುತ್ತವೆ ಎಂದರೆ ಪಂಡಿತರು ಮುಖ ಸಿಂಡರಿಸುತ್ತಿದ್ದ ಕಾಲದಲ್ಲಿ ಸಿಕ್ಕ ಗಟ್ಟಿ ಸಾಕ್ಷಿ ಅದು. ಇನ್ನೂ ಒಂದಿದೆ. ದಖನ್ನಿನ ಲಾವಾದ ದೊಡ್ಡ ಪಾಲು ಹೊಮ್ಮಿದಾಗ ಕಾಂತಧ್ರುವಗಳು ತಿರುಗುಮುರುಗಾಗಿದ್ದವು. ಆಗ ದಿಕ್ಸೂಚಿ ಹಿಡಿದು ಹೊರಟವನಿದ್ದಿದ್ದರೆ ಅವನ ಸೂಜಿಯ ಉತ್ತರ ತುದಿ ದಕ್ಷಿಣ ತೋರಿಸುತ್ತಿತ್ತು. ಗೋಳಗುಮ್ಮಟ ಕಟ್ಟಿದ್ದು ಈ ಜಾತಿಯ ಕರಿಕಲ್ಲಿನಿಂದಲೇ. ಕಲ್ಲುಕುಟಿಗರು ಕಡಿದು ಹೊತ್ತು ತಿರುಗಿಸಿ ಇಟ್ಟಿರುವುದರಿಂದ ಅದರ ಗೋಡೆಯಲ್ಲಿ ಒಂದೊಂದು ಕಲ್ಲಿನ ಹಳೆಯ ಉತ್ತರವೂ ಒಂದೊಂದು ಕಡೆಗೆ ನೋಡುತ್ತಿರುತ್ತದೆ, ಕಣ್ಣಿಗೆ ಕಾಣುವುದಿಲ್ಲ ಅಷ್ಟೆ.

ಕೊನೆಯ ಅದಲುಬದಲು ಆದದ್ದು ಸುಮಾರು 7.8 ಲಕ್ಷ ವರ್ಷಗಳ ಹಿಂದೆ. ಮುಂದಿನದು ಬಂದೇಬಿಟ್ಟಿತು ಎಂದು ಆಗಾಗ ಸುದ್ದಿಯಾಗುತ್ತದೆ. ಕಳೆದ ಎರಡು ಶತಮಾನಗಳಲ್ಲಿ ಕ್ಷೇತ್ರದ ಬಲ ಶೇ 9ರಷ್ಟು ಕುಗ್ಗಿರುವುದು ನಿಜ. ಜೇಮ್ಸ್ ಕ್ಲಾರ್ಕ್ ರಾಸ್ 1831ರಲ್ಲಿ ಕೆನಡಾದ ಉತ್ತರದಂಚಿನಲ್ಲಿ ಗುರುತಿಸಿದ ಉತ್ತರ ಕಾಂತಧ್ರುವ, ಈ ಶತಮಾನದ ಆರಂಭದಲ್ಲಿ ವರ್ಷಕ್ಕೆ 50 ಕಿಲೋಮೀಟರಿಗೂ ಹೆಚ್ಚು ವೇಗದಲ್ಲಿ ಸೈಬೀರಿಯಾದತ್ತ ಓಡಿದ್ದೂ ನಿಜ. ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣದ ರನ್‌ವೇಗೆ 09 ಎಂಬ ಸಂಖ್ಯೆ ಬಂದಿರುವುದು ಅದು ಕಾಂತೀಯ 90 ಡಿಗ್ರಿಯತ್ತ ಇರುವುದರಿಂದ. ಧ್ರುವದ ಅಲೆದಾಟದಿಂದಾಗಿ ಅಮೆರಿಕದ ಟ್ಯಾಂಪಾದಲ್ಲಿ 2011ರಲ್ಲಿ ರನ್‌ವೇ ಸಂಖ್ಯೆಗಳನ್ನೇ ಬದಲಿಸಿ ಬರೆಯಬೇಕಾಯಿತು. ಆದರೆ ಇಂಥ ಏರಿಳಿತಗಳು ಹಿಂದೆಯೂ ಎಷ್ಟೋ ಸಲ ಆಗಿ, ಅದಲುಬದಲಾಗದೆಯೇ ಸರಿಹೋಗಿವೆ. ಅದಲುಬದಲಾಗುವುದಾದರೂ ಅದಕ್ಕೆ ಸಾವಿರಾರು ವರ್ಷ ಹಿಡಿಯುತ್ತದೆ. ನಾಳೆ ಬೆಳಿಗ್ಗೆ ಮೊಬೈಲಿನ ನಕಾಶೆ ತಲೆಕೆಳಗಾಗುವುದಿಲ್ಲ.

ಇಷ್ಟೆಲ್ಲ ಮಾಡುವ ಕ್ಷೇತ್ರ ಎಷ್ಟು ಬಲದ್ದು? ನೆಲಮಟ್ಟದಲ್ಲಿ 25,000ದಿಂದ 65,000 ನ್ಯಾನೊಟೆಸ್ಲಾ. ಫ್ರಿಜ್ಜಿನ ಬಾಗಿಲಿಗೆ ಅಂಟಿಸುವ ಗೊಂಬೆಯ ಅಯಸ್ಕಾಂತ ಇದರ ನೂರು ಪಟ್ಟು ಇರುತ್ತದೆ. ಇಂಥ ಮೆಲುದನಿಯನ್ನು ಕೇಳಬೇಕಾದರೆ ಸುತ್ತ ಗದ್ದಲ ಇರಬಾರದು. ಮುಂಬೈಯ ಕೊಲಾಬಾ ವೀಕ್ಷಣಾಲಯದಲ್ಲಿ 1841ರಿಂದ ಕಾಂತಮಾಪನ ನಡೆಯುತ್ತಿತ್ತು. ಊರಿನ ಕುದುರೆ ಟ್ರಾಮುಗಳಿಗೆ ವಿದ್ಯುತ್ ಬರುವುದೆಂದು ಗೊತ್ತಾದಾಗ, ಆ ತಂತಿಗಳ ಕಾಂತದಲ್ಲಿ ಭೂಮಿಯ ಕಾಂತ ಮುಚ್ಚಿಹೋಗುತ್ತದೆಂದು, ಅಲ್ಲಿನ ಮೊದಲ ಭಾರತೀಯ ನಿರ್ದೇಶಕ ನಾನಾಭಾಯ್ ಮೂಸ್ ಅವರು ಮಾಪನವನ್ನು ಕೊಲ್ಲಿಯಾಚೆಯ ಅಲಿಬಾಗಿಗೆ ಸಾಗಿಸಿದರು. 1904ರಲ್ಲಿ ಅಲ್ಲಿ ಕೆಲಸ ಶುರುವಾದರೂ ಹಳೆಯ ಅಳತೆಗೂ ಹೊಸ ಅಳತೆಗೂ ಕೊಂಡಿ ತಪ್ಪಬಾರದೆಂದು 1906ರವರೆಗೆ ಎರಡೂ ಕಡೆ ಒಟ್ಟಿಗೇ ಅಳೆದರು. ಅಧಿಕಾರಶಾಹಿಯಲ್ಲಿ ಇಂಥ ದೂರದೃಷ್ಟಿ ಅಪರೂಪ, ಹಾಗಾಗಿ ಮನಸಾರೆ ಮೆಚ್ಚಬೇಕು.

ಅದೇ ಕೊಲಾಬಾದ ಕಡತದಲ್ಲಿ 1859ರ ಸೆಪ್ಟೆಂಬರ್ 2ರ ಪುಟವೊಂದಿದೆ. ಸೂರ್ಯನ ಮೇಲೆ ದೊಡ್ಡ ಸ್ಫೋಟವಾದದ್ದನ್ನು ಹಿಂದಿನ ದಿನ ಇಂಗ್ಲೆಂಡಿನಲ್ಲಿ ರಿಚರ್ಡ್ ಕ್ಯಾರಿಂಗ್ಟನ್ ಕಂಡಿದ್ದ. ಅಲ್ಲಿಂದ ಚಿಮ್ಮಿದ ಬಿಸಿ ಅನಿಲದ ಮೋಡ ಒಂದು ದಿನದೊಳಗೇ ಭೂಮಿಗೆ ಬಡಿಯಿತು. ಕೊಲಾಬಾದಲ್ಲಿ ಕ್ಷೇತ್ರದ ಅಡ್ಡಬಲ ಸುಮಾರು 1,600 ನ್ಯಾನೊಟೆಸ್ಲಾ ಕುಸಿಯಿತು. ಹೊತ್ತುಹೊತ್ತಿಗೆ ಕಣ್ಣಿಟ್ಟು ನೋಡಿ ಕೈಯಲ್ಲಿ ಬರೆದಿಟ್ಟ ಆ ಅಂಕಿಗಳನ್ನು ಹಿಡಿದೇ ವಿಜ್ಞಾನಿಗಳು ಇವತ್ತಿಗೂ ಆ ಕಾಂತ ಬಿರುಗಾಳಿಯ ಬಲವನ್ನು ಅಂದಾಜು ಮಾಡುವುದು. 1989ರ ಮಾರ್ಚಿನಲ್ಲಿ ಅದಕ್ಕಿಂತ ಸಣ್ಣದೊಂದು ಬಂದಾಗಲೇ ಕೆನಡಾದ ಕ್ವಿಬೆಕ್ ಪ್ರಾಂತ್ಯ ಒಂಬತ್ತು ಗಂಟೆ ಕತ್ತಲಲ್ಲಿ ಮುಳುಗಿತ್ತು. 2024ರ ಮೇ ತಿಂಗಳ ಬಿರುಗಾಳಿಯಲ್ಲಿ ಲಡಾಖಿನ ಹಾನ್ಲೆಯ ಆಕಾಶ ಕೆಂಪೇರಿದ್ದನ್ನು ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ಕ್ಯಾಮೆರಾಗಳು ಸೆರೆಹಿಡಿದವು. ಇಂಥ ಮೋಡ ಹೊತ್ತು ತರುವ ಕಾಂತವನ್ನು ದಾರಿಯಲ್ಲೇ ಅಳೆಯಲು ಈಗ ಆದಿತ್ಯ ಎಲ್1 ನೌಕೆ 15 ಲಕ್ಷ ಕಿಲೋಮೀಟರ್ ಆಚೆ ನಿಂತಿದೆ. ಆರು ಮೀಟರ್ ಉದ್ದದ ತೋಳಿಗೆ ಕಟ್ಟಿದ ಅದರ ಕಾಂತಮಾಪಕ ತಯಾರಾದದ್ದು ಬೆಂಗಳೂರಿನ ಇಸ್ರೋ ಪ್ರಯೋಗಾಲಯದಲ್ಲಿ. ಅಷ್ಟುದ್ದದ ತೋಳು ಏಕೆಂದರೆ ನೌಕೆಯ ಸ್ವಂತ ವಿದ್ಯುತ್ತಿನ ಗದ್ದಲದಿಂದ ದೂರವಿರಲು.

ಇನ್ನು ಅಕ್ಕಪಕ್ಕದ ಗ್ರಹಗಳು. ಮಂಗಳನ ತಿರುಳು ಹೆಪ್ಪುಗಟ್ಟಿದ್ದರಿಂದ ಅದರ ಕಾಂತ ಹೋಯಿತು ಎಂದು ಶಾಲಾ ಪುಸ್ತಕಗಳಿಂದ ಯೂಟ್ಯೂಬ್‌ವರೆಗೆ ಎಲ್ಲ ಕಡೆ ಕೇಳಿಬರುತ್ತದೆ. ಹಾಗಲ್ಲ. ಇನ್‌ಸೈಟ್ ನೌಕೆ ಅಲ್ಲಿನ ನಡುಕಗಳನ್ನು ಆಲಿಸಿ, ತಿರುಳಿನ ಬಹುಭಾಗ ಈಗಲೂ ದ್ರವ ಎಂದು ತಿಳಿಸಿದೆ. ಲೋಹ ಇದೆ, ಕಾವೂ ಇದೆ, ಮಗುಚುವಷ್ಟು ಬೇಗ ಅದು ಹೊರಗೆ ಹೋಗುತ್ತಿಲ್ಲ. ಸುಮಾರು 400 ಕೋಟಿ ವರ್ಷಗಳ ಹಿಂದೆ ಅಲ್ಲಿಯ ಡೈನಮೊ ನಿಂತಿರಬೇಕು, ಕೆಲವರು ಇನ್ನೂ ಸ್ವಲ್ಪ ಕಾಲ ಓಡಿತ್ತು ಎನ್ನುತ್ತಾರೆ. ಅದು ಓಡುತ್ತಿದ್ದ ದಿನಗಳ ಕುರುಹಾಗಿ ದಕ್ಷಿಣದ ಹಳೆಯ ಬಂಡೆಗಳಲ್ಲಿ ಬಲವಾದ ಕಾಂತ ಉಳಿದಿರುವುದನ್ನು 1997ರಲ್ಲಿ ಅಲ್ಲಿಗೆ ತಲುಪಿದ ಮಾರ್ಸ್ ಗ್ಲೋಬಲ್ ಸರ್ವೇಯರ್ ಕಂಡಿತು. ನಮ್ಮ ದಖನ್ನಿನ ಕಲ್ಲಿನ ನೆನಪಿನಂಥದ್ದೇ ಅದು.

ಶುಕ್ರನದು ಇನ್ನೊಂದು ರೀತಿಯ ಇಕ್ಕಟ್ಟು. ಗಾತ್ರದಲ್ಲಿ ಭೂಮಿಗೆ ಸರಿಜೋಡಿ, ಕಾಂತ ಮಾತ್ರ ಇಲ್ಲ. 243 ದಿನಕ್ಕೊಂದು ಸುತ್ತು ಬರುವ ಮಂದಗತಿಯೇ ಕಾರಣ ಎಂದು ಹೇಳುವುದುಂಟು. ಡೈನಮೊಗೆ ಅಷ್ಟು ಸುತ್ತೂ ಸಾಕಾದೀತು ಎಂಬುದು ಬಹಳ ಜನ ವಿಜ್ಞಾನಿಗಳ ಎಣಿಕೆ. ಅಲ್ಲಿ ನಮ್ಮಲ್ಲಿರುವಂತೆ ನೆಲದ ಫಲಕಗಳು ಒಳಸರಿದು ಒಡಲನ್ನು ತಣಿಸುವುದಿಲ್ಲವಾದ್ದರಿಂದ ತಿರುಳಿನ ಕಾವಿಗೆ ಹೊರದಾರಿಯೇ ಇಲ್ಲ ಎಂಬ ವಿವರಣೆ ನನಗೆ ಹೆಚ್ಚು ಒಪ್ಪುತ್ತದೆ. ಕಾಂತಕವಚ ಇಲ್ಲದ ಗ್ರಹದ ಗಾಳಿಯೆಲ್ಲ ಸೌರಮಾರುತಕ್ಕೆ ಹಾರಿಹೋಗುತ್ತದೆ ಎಂಬ ಜನಪ್ರಿಯ ಮಾತಿಗೂ ಶುಕ್ರ ಅಡ್ಡ ನಿಂತಿದೆ. ಕವಚವಿಲ್ಲದೆಯೂ ಅದರ ವಾಯುಮಂಡಲದ ಒತ್ತಡ ನಮ್ಮದರ 90 ಪಟ್ಟು. ಇತ್ತ, ಎಂದೋ ತಣ್ಣಗಾಗಿರಬೇಕೆಂದು ಎಲ್ಲರೂ ಕೈಬಿಟ್ಟಿದ್ದ ಪುಟ್ಟ ಬುಧನಲ್ಲಿ ಭೂಮಿಯ ನೂರರಲ್ಲೊಂದು ಪಾಲಿನಷ್ಟು ಕ್ಷೇತ್ರ ಇರುವುದನ್ನು 1974ರಲ್ಲಿ ಮ್ಯಾರಿನರ್ 10 ಪತ್ತೆಮಾಡಿ ಅಚ್ಚರಿ ಹುಟ್ಟಿಸಿತು.

ಗುರುಗ್ರಹದ ಕಾಂತ ಸಿಕ್ಕಿದ್ದು ಆಕಸ್ಮಿಕವಾಗಿ. 1955ರಲ್ಲಿ ವಾಷಿಂಗ್ಟನ್ ಹತ್ತಿರದ ಹೊಲವೊಂದರಲ್ಲಿ ಆಂಟೆನಾ ಹರಡಿಕೊಂಡಿದ್ದ ಬರ್ನಾರ್ಡ್ ಬರ್ಕ್ ಮತ್ತು ಕೆನೆತ್ ಫ್ರಾಂಕ್ಲಿನ್ ಅವರಿಗೆ ಆಗಾಗ ಕರಕರ ಸದ್ದು ಬರುತ್ತಿತ್ತು. ರಾತ್ರಿ ತಡವಾಗಿ ಮನೆಗೆ ಹೋಗುವ ಯಾವನೋ ಹೊಲದಾಳಿನ ಗಾಡಿಯ ಕಿಡಿ ಇರಬೇಕು ಎಂದುಕೊಂಡಿದ್ದರು. ಸದ್ದು ನಕ್ಷತ್ರಗಳ ಜೊತೆಗೇ ಸರಿಯುತ್ತಿರುವುದು ಕಂಡು ನೋಡಿದರೆ ಆ ಜಾಗದಲ್ಲಿ ಗುರು ಇತ್ತು. ಅದರ ಕಾಂತದಲ್ಲಿ ಸಿಕ್ಕಿ ಸುತ್ತುವ ಎಲೆಕ್ಟ್ರಾನುಗಳ ರೇಡಿಯೊ ಸದ್ದು ಅದು. ಅಲ್ಲಿ ಕೆಲಸ ಮಾಡುವುದು ಕಬ್ಬಿಣವಲ್ಲ, ಹೈಡ್ರೊಜನ್. ಲಕ್ಷಾಂತರ ವಾತಾವರಣಗಳ ಒತ್ತಡದಲ್ಲಿ ಅದು ಲೋಹದಂತೆ ವಿದ್ಯುತ್ ಹರಿಸುತ್ತದೆ. ಗುರುವಿನ ಕಾಂತಗೋಳದ ಬಾಲ ಶನಿಯ ಕಕ್ಷೆಯವರೆಗೂ ಚಾಚಿದೆ. ಅದರ ಉಪಗ್ರಹ ಗ್ಯಾನಿಮೀಡ್‌ಗೂ ಸ್ವಂತ ಕಾಂತವಿದೆ ಎಂದು 1996ರಲ್ಲಿ ಗೆಲಿಲಿಯೊ ನೌಕೆ ಕಂಡಿತು. ಯುರೇನಸ್, ನೆಪ್ಚೂನ್‌ಗಳ ಕಾಂತಾಕ್ಷ ಅಡ್ಡಾದಿಡ್ಡಿ, ಒಂದರದು 59 ಡಿಗ್ರಿ ವಾಲಿದೆ, ಇನ್ನೊಂದರದು 47. ವಾಯೇಜರ್ 2 ಒಂದೊಂದು ಸಲ ಹಾದುಹೋಗುತ್ತ ಇಣುಕಿದ್ದು ಬಿಟ್ಟರೆ ಮತ್ತೆ ಯಾರೂ ಹತ್ತಿರ ಹೋಗಿ ಅಳೆದಿಲ್ಲ.

ಎಲ್ಲರಿಗಿಂತ ಹೆಚ್ಚು ತಲೆ ತಿನ್ನುವುದು ಶನಿಯೇ, ಹೆಸರಿಗೆ ತಕ್ಕಂತೆ. ಕ್ಯಾಸಿನಿ ನೌಕೆ 2017ರಲ್ಲಿ ಅದರೊಳಗೆ ಧುಮುಕಿ ಉರಿದುಹೋಗುವ ಮುನ್ನ ಉಂಗುರಗಳ ಒಳಗಿನಿಂದ ಹಾದು ಅಳೆದಾಗ, ಕಾಂತಾಕ್ಷಕ್ಕೂ ತಿರುಗುವ ಅಕ್ಷಕ್ಕೂ ನಡುವಿನ ವಾಲು 0.01 ಡಿಗ್ರಿಗಿಂತ ಕಡಿಮೆ ಎಂದು ಗೊತ್ತಾಯಿತು. ಕೌಲಿಂಗ್ ಪ್ರಕಾರ ಪೂರ್ತಿ ಸಮರೂಪದ ಕ್ಷೇತ್ರ ಬದುಕಲಾರದು. ಶನಿಯ ಕ್ಷೇತ್ರ ಹೆಚ್ಚೂಕಡಿಮೆ ಹಾಗೇ ಕಾಣುತ್ತ ಬದುಕಿದೆ. ಆಳದಲ್ಲಿ ಹೀಲಿಯಂ ಮಳೆಯಂತೆ ಸುರಿದು ಉಂಟಾದ, ಮಗುಚದೆ ನಿಂತ ಪದರವೊಂದು ಒಳಗಿನ ಸೊಟ್ಟಪಟ್ಟ ಭಾಗವನ್ನೆಲ್ಲ ಮರೆಮಾಡಿ ಹೊರಗೆ ನಯವಾದದ್ದನ್ನಷ್ಟೇ ಬಿಡುತ್ತಿದೆ ಎಂಬುದು ಸದ್ಯದ ಊಹೆ. ಇದರಿಂದ ಇನ್ನೊಂದು ಫಜೀತಿಯೂ ಆಯಿತು. ಮೋಡಗಳೇ ಮೈಯಾಗಿರುವ ಗ್ರಹದ ದಿನ ಎಷ್ಟು ಉದ್ದ ಎಂದು ತಿಳಿಯಲು ವಾಲಿದ ಕಾಂತಾಕ್ಷದ ತೊನೆದಾಟವನ್ನು ಎಣಿಸುವುದು ರೂಢಿ. ಶನಿಯಲ್ಲಿ ತೊನೆದಾಟವೇ ಇಲ್ಲ. ಕೊನೆಗೆ 2019ರಲ್ಲಿ, ಗ್ರಹದ ಒಡಲಿನ ಕಂಪನಗಳು ಅದರ ಉಂಗುರಗಳಲ್ಲಿ ಎಬ್ಬಿಸುವ ಅಲೆಗಳನ್ನು ಓದಿ ದಿನದ ಉದ್ದ ಕಂಡುಹಿಡಿದರು: 10 ಗಂಟೆ, 33 ನಿಮಿಷ, 38 ಸೆಕೆಂಡ್.